ಅಕ್ಕನ ಅರ್ಜಿಗೆ ಯಾರ ಸಹಿ?

ನಾನಾಗ ಇನ್ನೂ ಚಿಕ್ಕವಳು, ನಾಲ್ಕನೆಯ ಇಯತ್ತೆಯಲ್ಲಿದ್ದೆ. ಅಪ್ಪ ಬ್ಯಾಡಗಿಯಲ್ಲಿ ಗಾದಿ ಹೊಲಿಯುತ್ತಿದ್ದ. ಹತ್ತಿ ಹಿಂಜಿ ಹಿಂಜಿ ಅವನ ಹುಬ್ಬು, ಕಿವಿಯ ಮೇಲೆಲ್ಲ ಸದಾ ಬಿಳಿ ಎಳೆ ಅಂಟಿಕೊಂಡಿರುತ್ತಿತ್ತು. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ ಮತ್ತು ನಾನು. ಅಕ್ಕ ನಮ್ಮ ಅವ್ವ ಹೆತ್ತ ಮಗಳಲ್ಲ. ಅವಳು ಆರು ವರ್ಷದವಳಿದ್ದಾಗ ಹಾವೇರಿಯ ಅನಾಥಾಶ್ರಮದವರು ಸಾಕಲೆಂದು ನಮ್ಮ ಮನೆಗೆ ಕೊಟ್ಟಿದ್ದರು. ದತ್ತು ಅಲ್ಲ, ಸಾಕಲು ಮಾತ್ರ. ನನಗೆ ಅದೆಲ್ಲ ತಿಳಿಯುತ್ತಿರಲಿಲ್ಲ. ನನ್ನ ಜಡೆ ಹೆಣೆಯುವವಳು, ಜ್ವರ ಬಂದರೆ ಮಗ್ಗುಲಲ್ಲಿ ಮಲಗುವವಳು ಅವಳೇ.

ಅಕ್ಕನಿಗೆ ಹದಿನೆಂಟು ತುಂಬಿ ಒಂದು ವಾರವಾಗಿತ್ತು. ರಾಣೆಬೆನ್ನೂರಿನಲ್ಲಿ ನರ್ಸ್ ತರಬೇತಿಗೆ ಅವಳನ್ನು ಆರಿಸಿದ್ದರು. ಅಲ್ಲೇ ವಸತಿ, ಕಲಿತು ಮುಗಿಸಿದರೆ ನೌಕರಿ. ಆದರೆ ಪತ್ರ ನಮ್ಮ ಕೈಸೇರುವಷ್ಟರಲ್ಲಿ ಸೇರ್ಪಡೆಯ ಅರ್ಜಿ ಕೊಡಲು ಒಂದೇ ದಿನ ಉಳಿದಿತ್ತು. ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ನಾನು ಹಟ ಮಾಡಿ ಅಪ್ಪ, ಅಕ್ಕನ ಜತೆ ರಾಣೆಬೆನ್ನೂರಿನ ಬೆಳಗಿನ ಬಸ್ಸು ಹತ್ತಿದೆ.

ತರಬೇತಿ ಕಚೇರಿಯ ಗುಮಾಸ್ತರು ಅರ್ಜಿ ತಿರುವಿ ಹಾಕಿ, ಪಾಲಕರ ಜಾಗದಲ್ಲಿದ್ದ ಅಪ್ಪನ ಸಹಿಯ ಮೇಲೆ ಬೆರಳಿಟ್ಟರು. ನೀವು ಹೆತ್ತವರಲ್ಲ, ದತ್ತುಪತ್ರವೂ ಇಲ್ಲ, ಈ ಸಹಿ ನಡೆಯುವುದಿಲ್ಲ, ಹಾವೇರಿಯ ಆಶ್ರಮದವರಿಂದ ಮಾಡಿಸಿಕೊಂಡು ಬನ್ನಿ ಎಂದರು.

"ಹನ್ನೆರಡು ವರ್ಷ ಈಕಿನ್ನ ನಾನ ಸಾಕೇನ್ರಿ. ಒಂದು ಸಹಿ ಮಾಡಾಕ ನಾ ಸಾಲೂದಿಲ್ಲೇನ್ರಿ?" ಎಂದು ಅಪ್ಪ ಕೇಳಿದ. ಗುಮಾಸ್ತರು ನಮ್ಮ ಹಿಂದೆ ನಿಂತಿದ್ದವರನ್ನು ಕರೆದರು.

ಮತ್ತೆ ಬಸ್ಸು. ಮೋಟೆಬೆನ್ನೂರಿನ ಹತ್ತಿರ ಮೆಣಸಿನಕಾಯಿ ತುಂಬಿದ ಲಾರಿಯ ಹಿಂದೆ ಸಿಕ್ಕಿಕೊಂಡು ಬಸ್ಸಿನಲ್ಲಿದ್ದವರೆಲ್ಲ ಕೆಮ್ಮಿದೆವು. ಬೆವರಿಗೆ ಸೀಟು ಕಾಲಿಗೆ ಅಂಟುತ್ತಿತ್ತು. ಹಾವೇರಿ ಮುಟ್ಟಿದಾಗ ಆಶ್ರಮದ ಅಧಿಕಾರಿ ಊಟಕ್ಕೆ ಹೋಗಿದ್ದರು. ಬಹಳ ಹೊತ್ತು ಕಾದೆವು. ಬಂದವರು ದಪ್ಪನೆಯ ಪುಸ್ತಕ ತೆರೆದು, ಅಕ್ಕನ ಹೆಸರಿನ ಮೇಲೆ ಎಳೆದಿದ್ದ ಕೆಂಪು ಗೆರೆ ತೋರಿಸಿದರು. ಹದಿನೆಂಟು ತುಂಬಿದ ದಿನವೇ ಹೆಸರು ಹೊಡೆದುಹಾಕಿದ್ದರು. ಅವಳೀಗ ದೊಡ್ಡವಳು, ನಮಗೂ ಅವಳಿಗೂ ಸಂಬಂಧವಿಲ್ಲ, ಸಹಿ ಹಾಕಲು ಬರುವುದಿಲ್ಲ ಎಂದುಬಿಟ್ಟರು.

ಹೊರಗೆ ಬಂದ ಅಪ್ಪ ಚಪ್ಪಲಿ ಹುಡುಕತೊಡಗಿದ. ಚಪ್ಪಲಿ ಅವನ ಕಾಲಲ್ಲೇ ಇದ್ದವು.

"ಹಂಗಾರ ಅಕ್ಕ ಯಾರಾಕಿ?" ಎಂದು ನಾನು ಕೇಳಿದೆ. ಅಪ್ಪ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡ. ಅಕ್ಕ ಮಾತ್ರ ಅರ್ಜಿಯನ್ನು ಮಡಚಿ, ಮತ್ತೆ ರಾಣೆಬೆನ್ನೂರಿಗೆ ಹೋಗೋಣ ಎಂದಳು.

ನಾವು ತಲುಪಿದಾಗ ಗುಮಾಸ್ತರು ಕಡತ ಕಟ್ಟುತ್ತಿದ್ದರು. ಅಕ್ಕ ಅವರ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಅಪ್ಪನ ಸಹಿಯ ಕೆಳಗೆ ತನ್ನ ಸಹಿ ಹಾಕಿದಳು.

"ಹಾವೇರಿಯವ್ರು ನಾ ದೊಡ್ಡಾಕಿ ಅಂತಾರ್ರಿ. ಅದಕ್ಕ ನನ್ನ ಸಹಿ ನಾನ ಮಾಡೇನಿ. ಇದೂ ನಡಿಯೂದಿಲ್ಲಂದ್ರ, ಯಾರದು ನಡೀತೈತಿ ಅಂತ ಬರದು ಕೊಡ್ರಿ" ಎಂದಳು. ಅವಳು ಅಲ್ಲಿಂದ ಕದಲಲಿಲ್ಲ.

ಬರೆದು ಕೊಡುವುದು ಅವರಿಗೆ ಬೇಕಿರಲಿಲ್ಲ. ಅರ್ಜಿ ಹಿಡಿದು ಒಳಗಿದ್ದ ಮೇಲಧಿಕಾರಿಯ ಬಳಿ ಹೋದರು. ತಿರುಗಿ ಬಂದು ಅರ್ಜಿಯ ಮೇಲೆ ಕಚೇರಿಯ ಶಿಕ್ಕಾ ಒತ್ತಿದರು. ಒತ್ತುವ ಮೊದಲು ಅಪ್ಪನ ಸಹಿಯ ಮೇಲೆ ಅಡ್ಡಗೆರೆ ಎಳೆದರು. ಅಪ್ಪ ಅದನ್ನು ನೋಡಿದ. ಊರು ಮುಟ್ಟುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅಕ್ಕ ಅವನ ಅಂಗಿಯ ಮೇಲಿನ ಹತ್ತಿ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಕುಳಿತಿದ್ದಳು.

ಮಕ್ಕಳೇ, ನೀವು ರಾಣೆಬೆನ್ನೂರು ಅಜ್ಜಿ ಎಂದು ಕರೆಯುವವಳು ಅವಳೇ. ಮೊನ್ನೆ ನಿಮ್ಮಲ್ಲಿ ದೊಡ್ಡವಳಿಗೆ ಹದಿನೆಂಟಾಯಿತು. ಕೇಕ್ ತಂದಿರಿ. ಅವಳ ಕಾಲೇಜಿನ ಅರ್ಜಿಯನ್ನು ನಿಮ್ಮ ಅಪ್ಪ ಚಹಾ ಕುಡಿಯುತ್ತಲೇ ಮೊಬೈಲಿನಲ್ಲಿ ತುಂಬಿ ಮುಗಿಸಿದ. ನೀನು ಯಾರ ಮಗಳು ಎಂದು ಅವಳನ್ನು ಯಾರೂ ಅಲೆಸಲಿಲ್ಲ. ಆಶ್ರಮಗಳಲ್ಲಿ, ಸಾಕುಮನೆಗಳಲ್ಲಿ ಬೆಳೆದ ಮಕ್ಕಳಿಗೆ ಈಗ ಹದಿನೆಂಟರ ನಂತರವೂ ನೆರವಿದೆ ಎನ್ನುತ್ತಾರೆ. ಇದ್ದರೂ ಇರಬಹುದು. ಆದರೆ ಕಳೆದ ವಾರವೂ ಅಂಥ ಒಬ್ಬ ಹುಡುಗಿ ಯಾರೂ ಸಹಿ ಹಾಕದ ಕಾಗದಗಳನ್ನು ಹಿಡಿದು ಆ ಅಜ್ಜಿಯ ಮನೆ ಹುಡುಕಿಕೊಂಡು ಬಂದಿದ್ದಳು. ಅಜ್ಜಿ ಸೀರೆ ಬದಲಿಸಿ ಅವಳ ಜತೆ ಕಚೇರಿಗೆ ಹೊರಟಳು. ಅಜ್ಜಿಗೀಗ ಎಪ್ಪತ್ತೆರಡು, ಮೊಣಕಾಲು ನೋವು ಬೇರೆ. ಈ ಕೆಲಸಕ್ಕೆ ಇನ್ನೂ ಅವಳೇ ಯಾಕೆ ಬೇಕು ಎಂದುಕೊಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.