ಕಾರು ಆ ಕಡೆ, ಚಪ್ಪಲಿ ಈ ಕಡೆ

ಆಗ ನನಗೆ ಅರವತ್ತೇಳು. ಎಂಟು ವರ್ಷದ ಹಿಂದಿನ ಮಾತು. ಆಮರ್ಸ್‌ಫೋರ್ಟಿನ ಈ ಮನೆಯ ಫ್ರಿಜ್ಜಿನ ಮೇಲೆ ಆ ಗುಡ್ಡದ ನಕಾಶೆ ಇನ್ನೂ ಇದೆ. ಸಾರಿನ ಕೈ ತಾಗಿ ಒಂದು ಮೂಲೆ ಹಳದಿಯಾಗಿದೆ. ತೆಗೆಯಲು ನಾನು ಬಿಟ್ಟಿಲ್ಲ.

ಮಗಳು ನೆಲೆಸಿದ ಈ ಪರದೇಶದಲ್ಲಿ ಗುಡ್ಡವಿಲ್ಲ. ಇದೇ ಊರಿನ ಒಂದು ದಿಬ್ಬಕ್ಕೆ ಇವರು ಬೆಟ್ಟ ಅನ್ನುತ್ತಾರೆ. ಸೈಕಲ್ ತುಳಿಯುವ ಮುದುಕರೂ ಅದಕ್ಕೆ ಸೀಟು ಬಿಟ್ಟು ಏಳುವುದಿಲ್ಲ. ನನಗೋ ಒಂದು ಗುಡ್ಡ ಬೇಕೇ ಬೇಕಿತ್ತು. ಮೊಮ್ಮಗಳು ಏಳು ತಿಂಗಳಿಗೇ ಹುಟ್ಟಿ ಇಲ್ಲಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮೂರು ವಾರ ಇದ್ದಳು. ಕೂಸು ಮನೆಗೆ ಬಂದರೆ ಬರಿಗಾಲಲ್ಲಿ ಗುಡ್ಡ ಹತ್ತುತ್ತೇನೆ ಎಂದು ಹರಕೆ ಹೊತ್ತೆ. ಮನೆದೇವರ ಗುಡ್ಡವೇ ಮನಸ್ಸಿನಲ್ಲಿತ್ತು. ಊರಿಗೆ ಹೋದಾಗಲೆಲ್ಲ ಏನೋ ಒಂದು ಅಡ್ಡ ಬಂತು. ಹನ್ನೊಂದು ವರ್ಷ ಹಾಗೇ ಹೋಯಿತು. ಮೊಣಕಾಲು ಸವೆದಿದೆ ಎಂದು ಡಾಕ್ಟರು ಹೇಳಿದ ದಿನ ಹೆದರಿಕೆಯಾಯಿತು. ಸಾವಿಗಲ್ಲ. ತೀರಿಸದ ಹರಕೆ ಆ ಹುಡುಗಿಯ ತಲೆಯ ಮೇಲೆ ಉಳಿಯುತ್ತದಲ್ಲ, ಅದಕ್ಕೆ. ಮಗಳಿಗೆ ಹೇಳಿರಲಿಲ್ಲ. ಅವಳು ಸಂಶೋಧನೆ ಮಾಡುವವಳು, ಹರಕೆ ಅಂದರೆ ನಗುತ್ತಾಳೆ.

ಅಳಿಯನಿಗೆ ಗುಡ್ಡ ಹತ್ತುವ ಹುಚ್ಚು. ಆ ವರ್ಷ ಐರ್ಲೆಂಡ್ ಅಂದ.

“ಕ್ರೋಕ್ ಪ್ಯಾಟ್ರಿಕ್ ಅಂತ ಒಂದು ಗುಡ್ಡ ಐತ್ರಿ ಅತ್ತಿ. ಅಲ್ಲಿ ಮಂದಿ ಬರಿಗಾಲ್ಲೆ ಹತ್ತತಾರ.”

“ಹಂಗಾರ ಅದಕ್ಕ ಹೋಗೂಣು.”

“ನೀವೂ ಬರ್ತೀರಿ?”

“ಮತ್ತ ಇಲ್ಲಿ ಕುಂತು ಟ್ರೇನ್ ಎಣಸ್ಲೇನು?”

ಅವರ ದೇವರ ಗುಡ್ಡವಾದರೇನು, ನಮ್ಮ ದೇವರಿಗೆ ಅಲ್ಲಿಯದೂ ಕಾಣುತ್ತದೆ ಎಂದುಕೊಂಡೆ.

ನಕಾಶೆ ಒಂದು ತಿಂಗಳು ಫ್ರಿಜ್ಜಿನ ಮೇಲಿತ್ತು. ನನಗೆ ಅಕ್ಷರ ಅಷ್ಟಕ್ಕಷ್ಟೇ, ಆದರೆ ಗೆರೆ ತಿಳಿಯಿತು. ಗೆರೆ ಒತ್ತಾಗಿದ್ದರೆ ಕಡಿದಾದ ಏರು, ಬಿಡಿಯಾಗಿದ್ದರೆ ಸಮ. ರಂಗೋಲಿ ಹಾಕಿದ ಕೈಗೆ ಇದೇನು ಮಹಾ! ಎಲ್ಲ ತಿಳಿಯಿತು ಎಂದು ಜಂಬವನ್ನೂ ಕೊಚ್ಚಿದೆ. ಅಳಿಯ ಕೆಂಪು ಪೆನ್ಸಿಲಿನಲ್ಲಿ ಎಳೆದ ದಾರಿ ಮಾತ್ರ ಏನೆಂದು ಕೇಳಲಿಲ್ಲ.

ಗುಡ್ಡದ ಬುಡದಲ್ಲಿ ಅವರ ಸಂತನ ಬಿಳಿ ವಿಗ್ರಹವಿದೆ. ಗುಡಿಯ ಮುಂದೆ ಬಿಡುವ ಹಾಗೆ ಚಪ್ಪಲಿಯನ್ನು ಅದರ ಪಕ್ಕ ಜೋಡಿಸಿಟ್ಟೆ. ಅಳಿಯ ಮುಂದೆ ಹೋಗಿದ್ದ. ಮಗಳು ಮೊಮ್ಮಗಳ ಮಳೆ ಅಂಗಿಯ ಗುಂಡಿ ಹಾಕುತ್ತಿದ್ದಳು.

ಮೊದಲು ಹಳ್ಳದ ಪಕ್ಕದ ದಾರಿ. ಆಮೇಲೆ ಬರೀ ಕಲ್ಲು. ಹಿಂದೆ ತಿರುಗಿದರೆ ಕೆಳಗೆ ಸಮುದ್ರ, ಅದರ ತುಂಬ ಚಿಕ್ಕ ಚಿಕ್ಕ ನಡುಗಡ್ಡೆ, ನೀರಲ್ಲಿ ಮಲಗಿದ ಎಮ್ಮೆಗಳ ಹಾಗೆ. ನನ್ನ ವಯಸ್ಸಿನ ಒಬ್ಬಳು ಬರಿಗಾಲಲ್ಲಿ ಎದುರಿಗೆ ಇಳಿದು ಬಂದಳು. ಬೂಟುಗಳನ್ನು ಲೇಸು ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಹರಕೆಗೆ ಬಂದವಳು ಬೂಟು ಹೊತ್ತು ತಿರುಗುವುದೇ, ಬುದ್ಧಿ ಇಲ್ಲದವಳು ಎಂದುಕೊಂಡೆ. ಅವಳು ನನ್ನ ಪಾದ ನೋಡಿ ತಲೆಯಾಡಿಸಿ ಹೋದಳು.

ಅರ್ಧ ದಾರಿಗೆ ಗುಡ್ಡ ಬೆನ್ನು ಬಗ್ಗಿಸಿ ಸಮವಾಗುತ್ತದೆ. ಅಲ್ಲಿಂದ ಮೇಲಿನ ತುದಿ ಜೋಳದ ರಾಶಿಯ ಹಾಗೆ ಕಾಣುತ್ತದೆ, ಕಾಳಿನ ಬದಲು ಜಾರುವ ಕಲ್ಲು. ಅಲ್ಲಿ ಮಗಳು ನನ್ನ ಕಾಲು ನೋಡಿದಳು. ಹೆಬ್ಬೆರಳು ಒಡೆದು ರಕ್ತ ಬಂದಿತ್ತು.

“ಅವ್ವಾ, ಹುಚ್ಚು ಹಿಡದೈತೇನು? ಸಾಕು, ಇಲ್ಲಿಂದ ಇಳಿಯೂಣು.”

“ನೀ ಇಳಿ. ನಾ ಹರಕಿ ಹೊತ್ತೀನಿ. ಈಕಿ ಗಾಜಿನ ಪೆಟ್ಟಿಗಿ ಒಳಗಿದ್ದಾಗ.”

ಮೊಮ್ಮಗಳು ಕಣ್ಣರಳಿಸಿದಳು. “ಅಜ್ಜಿ, ಫಾರ್ ಮಿ?”

“ನಿನಗಲ್ದ ಪಕ್ಕದ ಮನಿ ಬೆಕ್ಕಿಗೇನು?”

“ನನಗ್ಯಾಕ ಹೇಳಲಿಲ್ಲ?” ಅಂದಳು ಮಗಳು.

“ಹೇಳಿದ್ರ ನಗ್ತಿದ್ದಿ.”

ಅವಳು ನಗಲಿಲ್ಲ. ಬಾಟಲಿಯ ನೀರು ಸುರಿದು ನನ್ನ ಅಂಗಾಲಿನ ಹರಳು ತೊಳೆದಳು. “ನಡಿ ಮತ್ತ. ನಿಂತ್ರ ಕಾಲು ಬಿಗೀತಾವ,” ಅಂದಳು.

ಆ ಕೊನೆಯ ಏರನ್ನು ಕೈಯೂರಿ ಹತ್ತಿದೆ. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಕೆಳಗೆ. ಮೊಮ್ಮಗಳು ಹಿಂದಿನಿಂದ ಸೊಂಟ ನೂಕಿದಳು. ಮೇಲೆ ಸಣ್ಣದೊಂದು ಬಿಳಿ ಚರ್ಚು, ಬಾಗಿಲು ಹಾಕಿತ್ತು. ಸುತ್ತ ಮಂಜು. ಚರ್ಚಿಗೆ ಒಂದು ಸುತ್ತು ಬಂದು ಕೈಮುಗಿದೆ. ತೀರಿತು. ಅಷ್ಟೇ. ಹೊಟ್ಟೆ ಹಸಿದಿತ್ತು, ಚಪಾತಿ ತಿಂದೆ.

ಆಗ ಅಳಿಯ ಪಡುವಣ ದಿಕ್ಕಿಗೆ ಕೈ ತೋರಿಸಿದ. “ಇನ್ನ ಈ ಏಣು, ಅಂದ್ರ ಗುಡ್ಡದ ಬೆನ್ನು ಹಿಡದು ಹಿಂದಿನ ಬಾಜೂ ಇಳಿಯೂದು. ಕಾರು ಅಲ್ಲೇ ಐತಿ. ಅತ್ತಿ, ಚಪ್ಪಲಿ ಹಾಕ್ಕೋರಿ.”

“ಚಪ್ಪಲಿ ಕೆಳಗ ಬಿಟ್ಟೀನಿ. ಆ ವಿಗ್ರಹದ ಹತ್ರ.”

ಬೆಳಿಗ್ಗೆ ಕಾರು ಅಲ್ಲಿ ನಿಲ್ಲಿಸಿ ಟ್ಯಾಕ್ಸಿಯಲ್ಲಿ ಈ ಕಡೆ ಬಂದಿದ್ದು ಏಕೆಂದು ನನಗೆ ಹೊಳೆದದ್ದು ಆಗ. ಕೆಂಪು ಗೆರೆ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುತ್ತಿತ್ತು. ನಮ್ಮ ಕಡೆಯ ಗುಡ್ಡಗಳಲ್ಲಿ ಹತ್ತಿದ ದಾರಿಯಲ್ಲೇ ಇಳಿಯುವುದು. ಚಪ್ಪಲಿ ಬುಡದಲ್ಲಿ ಕಾಯುತ್ತದೆ. ಕೊರಳಿಗೆ ಬೂಟು ಹಾಕಿಕೊಂಡವಳೇ ಜಾಣೆ.

“ಕಾರು ಆ ಕಡೆ, ಚಪ್ಪಲಿ ಈ ಕಡೆ,” ಎಂದು ಮಗಳು ಹೊಟ್ಟೆ ಹಿಡಿದು ನಕ್ಕಳು. ಅಳಿಯನ ಮುಖ ಹಳಸಿದ ಸಾರಿನಂತಾಯಿತು. ಒಂದು ತಿಂಗಳು ಆ ಏಣಿನ ಕನಸು ಕಂಡವನು. ನಕಾಶೆ ಮಡಚಿ ಜೇಬಿಗಿಟ್ಟ. ತನ್ನ ಚೀಲದಿಂದ ಎರಡು ಜೊತೆ ದಪ್ಪ ಕಾಲುಚೀಲ ತೆಗೆದು ಕೊಟ್ಟ. ಹತ್ತಿದ ದಾರಿಯಲ್ಲೇ ಇಳಿದೆವು. ನನ್ನ ಚಪ್ಪಲಿ ಹಾರದಂತೆ ಯಾರೋ ಪುಣ್ಯಾತ್ಮರು ಮೇಲೊಂದು ಕಲ್ಲಿಟ್ಟಿದ್ದರು.

ಈಗ ಮನೆಯ ಮೆಟ್ಟಿಲೇ ನನಗೆ ಗುಡ್ಡ. ಸೊಂಟ ನೂಕಿದ ಹುಡುಗಿ ಓದಲೆಂದು ಡೀಮೆನ್ ಎಂಬ ಊರಿನಲ್ಲಿ ಮನೆ ಹಿಡಿದಿದ್ದಾಳೆ. ಹಾಲು ತೆಗೆಯಲು ಫ್ರಿಜ್ಜಿನ ಮುಂದೆ ನಿಂತಾಗ ಬೆರಳು ತಾನಾಗಿ ಆ ಕೆಂಪು ಗೆರೆಯ ಮೇಲೆ ಓಡುತ್ತದೆ. ತುದಿಯವರೆಗೆ ನನ್ನದು. ಆಚೆಯದು ಅಳಿಯನದು.

ಅದನ್ನು ಅವನು ನಡೆದದ್ದು ಮಾರನೆಯ ದಿನ. ಬೆಳಿಗ್ಗೆ ಎದ್ದವಳೇ ಬುತ್ತಿ ಕಟ್ಟಿ, “ಹೋಗು, ನಿನ್ನ ಗೆರಿ ಮುಗಿಸ್ಕೊಂಡು ಬಾ,” ಅಂದೆ. ಮಗಳು ಅವನನ್ನು ವಿಗ್ರಹದ ಹತ್ತಿರ ಇಳಿಸಿ, ನನ್ನನ್ನು ಪಡುವಣ ಬುಡಕ್ಕೆ ಕರೆದುಕೊಂಡು ಹೋದಳು. ಊದಿದ ಕಾಲು ಚಾಚಿ, ಇಳಿದು ಬಂದವನು ಬೂಟು ಬಿಚ್ಚಿ ಹಾಕಿಕೊಳ್ಳಲೆಂದು ಅವನ ಚಪ್ಪಲಿಯನ್ನು ಪಕ್ಕದಲ್ಲಿ ಜೋಡಿಸಿಟ್ಟುಕೊಂಡು, ಏಣಿನ ಕಡೆ ನೋಡುತ್ತ ಕೂತೆ.