ಹಾಡುಗಾರನ ಮಾತು ಕೇಳಿಸಬೇಕೆಂದವರು

ರಾಯ್ ಪಾರ್ಗೆಟರ್ ಹಾಡಿದ ಒಂದೊಂದು ಮಾತೂ ಸಭಾಂಗಣದ ಕೊನೆಯ ಸಾಲಿಗೆ ಕೇಳಿಸುವಂತೆ ನೋಡಿಕೊಳ್ಳುತ್ತೇನೆಂದು ಕ್ಲಿಫರ್ಡ್ ಟ್ರಾಂಟರ್ ಅವರು ಇಂಗ್ಲೆಂಡಿನ ಡಡ್ಲಿ ಊರಿನ ಚಿಪ್ಸ್ ಅಂಗಡಿಯೊಂದರ ಮುಂದೆ, ವಿನೆಗರ್ ಹತ್ತಿದ ಕೈಯಲ್ಲೇ ಆ ಹಾಡುಗಾರ ಗೆಳೆಯನ ಕೈಹಿಡಿದು ಮಾತು ಕೊಟ್ಟದ್ದು ಅರವತ್ತರ ದಶಕದ ಕೊನೆಯಲ್ಲಿ. ಬರ್ಮಿಂಗ್‌ಹ್ಯಾಮ್ ಸುತ್ತಿನ ರಾಕ್ ತಂಡಗಳಿಗೆ ಧ್ವನಿ ಹೊಂದಿಸಿದವರಲ್ಲಿ ಮೊದಲು ನೆನಪಾಗುವ ಅವರ ಇಡೀ ಸೇವೆ ಆ ಮಾತಿನ ಬೆನ್ನಿಗೇ ನಡೆಯಿತೆನ್ನಬೇಕು.

ಈ ತಂಡಗಳು ಬ್ಲೂಸ್ ನುಡಿಸುತ್ತಿದ್ದಷ್ಟು ದಿನ ಹಾಡುಗಾರನೇ ಮುಂದಿದ್ದ. ಎಪ್ಪತ್ತರ ಹೊತ್ತಿಗೆ ಗಿಟಾರುಗಳು ಉಕ್ಕಿನ ಕಾರ್ಖಾನೆಯಂತೆ ಗುಡುಗಿದವು, ಆ ಸಂಗೀತ ಹೆವಿ ಮೆಟಲ್ ಎನಿಸಿಕೊಂಡಿತು. ಪ್ರೊಗ್ರೆಸಿವ್ ರಾಕ್‌ನವರು ಆರ್ಗನ್ ಮುಂದೆ ಕೂತು ಉದ್ದುದ್ದ ನುಡಿಸತೊಡಗಿದರೆಂದರೆ ಹಾಡುಗಾರ ಹೋಗಿ ಬಿಯರ್ ಕುಡಿದು ಬರಬಹುದಿತ್ತು. ಆಮೇಲೆ ಪಂಕ್ ಹುಡುಗರು ಬಂದು ಇವರನ್ನೆಲ್ಲ ಮುದುಕರೆಂದು ಬೈದರು. ರಾಯ್ ಅವರ ತಂಡ ಪ್ರತಿ ಅಲೆಯ ಹಿಂದೆಯೂ ಓಡಿತು, ಯಾವುದನ್ನೂ ಹಿಡಿಯಲಿಲ್ಲ. ಬೈದ ಹುಡುಗರ ಗಿಟಾರುಗಳನ್ನೂ ಟ್ರಾಂಟರ್ ಅವರು ಪರದೆಯ ಹಿಂದೆ ಸದ್ದಿಲ್ಲದೆ ಶ್ರುತಿಮಾಡಿ ಕೊಡುತ್ತಿದ್ದರು.

"ಕಿವಿಗೆ ಹತ್ತಿಯಾದ್ರೂ ಇಟ್ಕೊಳ್ಳೋ ಮಾರಾಯ" ಎಂದು ರಾಯ್ ಗದರಿದರೆ, "ಹತ್ತಿ ಇಟ್ಕೊಂಡು ನಿನ್ನ ಧ್ವನಿ ಸರಿಮಾಡ್ಲಾ? ನೀನು ಮೊದ್ಲು ಶ್ರುತಿಗೆ ಹಾಡು" ಎನ್ನುತ್ತಿದ್ದರು.

ಕಳೆದ ನವೆಂಬರಿನಲ್ಲಿ, ಗಂಟಲ ಶಸ್ತ್ರಚಿಕಿತ್ಸೆಗೆ ಮುನ್ನ, ರಾಯ್ ಕೊನೆಯ ಸಲ ಹಾಡಿದರು. ಆಮೇಲೆ ಧ್ವನಿ ಉಳಿಯದೆಂದು ವೈದ್ಯರು ಹೇಳಿಬಿಟ್ಟಿದ್ದರು. ಕೆಲವು ವರ್ಷಗಳಿಂದ ಧ್ವನಿ ಹೊಂದಿಸುವ ಯಂತ್ರದ ಗುಂಡಿಗಳನ್ನು ತಿರುಗಿಸುತ್ತಿದ್ದವಳು ಟ್ರಾಂಟರ್ ಅವರ ಶಿಷ್ಯೆ ಹೇಜಲ್. "ಇವತ್ತೊಂದಿನ ನನಗೆ ಬಿಡಮ್ಮ" ಎಂದು ಟ್ರಾಂಟರ್ ಅವರು ಅವಳನ್ನು ಸರಿಸಿ ನಿಂತರು.

ಸ್ಪೀಕರುಗಳ ಎದುರು ಕಳೆದ ಆಯುಷ್ಯ ಅವರ ಕಿವಿಯಿಂದ ಮೇಲಿನ ಸ್ವರಗಳನ್ನೆಲ್ಲ ಅಳಿಸಿತ್ತು. ಗೆಳೆಯನ ಮಾತು ಮಸುಕಾಗಿದೆಯೆಂದು ಬಗೆದು ಆ ಸ್ವರಗಳನ್ನೇ ಏರಿಸಿದರು, ಮತ್ತೂ ಏರಿಸಿದರು. ತಮಗೆ ಎಲ್ಲ ತಿಳಿಯಾಗಿ ಕೇಳಿದ ಮೇಲೆ ತಲೆಯೆತ್ತಿದರೆ, ಜನ ಕಿವಿ ಮುಚ್ಚಿಕೊಂಡು ಬಾಗಿಲ ಕಡೆ ನಡೆಯುತ್ತಿದ್ದರು.

"ಇಳಿಸಿ ಕ್ಲಿಫ್, ಬರೀ ಕೀರಲು ಬರ್ತಿದೆ" ಎಂದು ಹೇಜಲ್ ತೋಳು ಜಗ್ಗುವಷ್ಟರಲ್ಲಿ ಹಾಡು ಮುಗಿದಿತ್ತು.

ರಾಯ್ ಇಳಿದು ಬಂದರು. "ಯಾಕೋ ಎದ್ದು ಹೋದ್ರು ಎಲ್ಲ? ಮಾತು ಕೇಳಿಸ್ತಾ?"

"ನನಗೆ ಕೇಳಿಸ್ತು" ಎಂದರು ಟ್ರಾಂಟರ್.

ಮರುದಿನವೇ ಅವರು ಕೆಲಸ ಬಿಟ್ಟರು. ಆ ಹಿರಿಯರು ನೂರು ವರ್ಷ ಬಾಳಲಿ, ತಂತಿ ಬೆಸೆಯುವ ವಿದ್ಯೆಯನ್ನು ಹೇಜಲ್‌ಳಂಥವರಿಗೆ ಕಲಿಸುತ್ತಲೇ ಇರಲಿ. ರಾಯ್ ಅವರಿಗೆ ಈಗ ಧ್ವನಿಯಿಲ್ಲ. ಕೊಟ್ಟ ಮಾತು ನಡೆಯಲಿಲ್ಲ.