ಶೇಂಗಾ ಹಿಂಡಿ ಮತ್ತು ಡಾಕ್ಟರಮ್ಮನ ಸಿಟ್ಟು

ಡಾಕ್ಟರಮ್ಮನ ಎಡ ಮುಂಗೈ ಮೇಲೆ ಯಾವಾಗಲೂ ಸೊಳ್ಳೆ ಕಚ್ಚಿದಂಥ ಸಣ್ಣ ಕೆಂಪು ಗುರುತುಗಳು ಇರುತ್ತಿದ್ದವು. ಅಲರ್ಜಿ ಪರೀಕ್ಷೆಗೆ ಬಂದ ಮಗುವಿಗೆ ಸೂಜಿ ತಾಗಿಸುವ ಮೊದಲು ಇನ್ನೊಂದು ಸೂಜಿ ತೆಗೆದು ತಮ್ಮ ಕೈಗೇ ಚುಚ್ಚಿಕೊಳ್ಳುತ್ತಿದ್ದರು. “ನೋಡೋ, ನಾನು ಅತ್ನಾ? ನೀನ್ಯಾಕೋ ಅಳ್ತೀಯ?” ಎಂದು ಗದರುತ್ತಿದ್ದರು. ಮಕ್ಕಳು ನೋವಿಗಿಂತ ಆ ಮುಖಕ್ಕೇ ಹೆದರಿ ಸುಮ್ಮನಾಗುತ್ತಿದ್ದವು.

ಇದು ತೊಂಬತ್ತರ ದಶಕದ ಮಾತು. ಗದಗ ಕಡೆಯಿಂದ ಬಂದ ನಾವು ಬಾಗಲಗುಂಟೆಯ ವಠಾರದಲ್ಲಿ ಒಂದು ಕೋಣೆ ಹಿಡಿದಿದ್ದೆವು. ನನ್ನ ಗಂಡ ಪೀಣ್ಯದಲ್ಲಿ ಲೇತ್ ಕೆಲಸಕ್ಕೆ ಹೋಗುತ್ತಿದ್ದರು. ಮಗನಿಗೆ ಆಗ ಮೂರು ವರ್ಷ. ಇದ್ದಕ್ಕಿದ್ದಂತೆ ಅವನ ಮೈಯೆಲ್ಲ ದದ್ದೆದ್ದು, ತುಟಿ ಊದಿ, ಉಸಿರು ಸಿಕ್ಕಿಕೊಳ್ಳುತ್ತಿತ್ತು. ದೃಷ್ಟಿ ತೆಗೆದದ್ದಾಯಿತು, ಹುಳದ ಔಷಧಿ ಕುಡಿಸಿದ್ದಾಯಿತು. ಕೊನೆಗೆ ಯಾರೋ ಹೇಳಿದರೆಂದು ಡಾಕ್ಟರಮ್ಮನ ಬಳಿಗೆ ಹೋದೆವು. ಯಾವ ಆಹಾರ ಮಕ್ಕಳಿಗೆ ಆಗಿಬರುವುದಿಲ್ಲ ಎಂದು ಕಾರ್ಖಾನೆ ಕೆಲಸಗಾರರ ಮಕ್ಕಳ ಮೇಲೆ ಅವರು ಆಸ್ಪತ್ರೆಯೊಂದರಲ್ಲಿ ಸಂಶೋಧನೆ ನಡೆಸುತ್ತಿದ್ದರು.

ಉಸಿರು ಕಟ್ಟುವ ಮೊದಲು ಮಗು ಏನೇನು ತಿಂದಿತ್ತು ಎಂದು ಅವರು ಪ್ರತಿ ತಾಯಿಯನ್ನೂ ಕೇಳುತ್ತಿದ್ದರು. ನಾವೆಲ್ಲ ರೊಟ್ಟಿ, ಪಲ್ಯ, ಹಾಲು, ಅನ್ನ ಎನ್ನುತ್ತಿದ್ದೆವು. ಅವರು ಹಾಲು, ಗೋಧಿ, ಮೊಟ್ಟೆ ಎಂದು ಒಂದೊಂದೇ ಹನಿ ಇಟ್ಟು ಚುಚ್ಚಿ ನೋಡುತ್ತಿದ್ದರು. ಮಗನ ಕೈ ಮೇಲೆ ಯಾವುದೂ ಏಳಲಿಲ್ಲ. ಉಸಿರು ಕಟ್ಟುವುದು ಮಾತ್ರ ನಿಲ್ಲಲಿಲ್ಲ.

ಒಂದು ಭಾನುವಾರ ಹೇಳದೆ ಕೇಳದೆ ನಮ್ಮ ಕೋಣೆಗೆ ಬಂದು ನೆಲಕ್ಕೆ ಕೂತರು. “ನಂಗೂ ಊಟಕ್ಕೆ ಹಾಕಮ್ಮ, ನೀವು ತಿನ್ನೋದನ್ನೇ ಹಾಕು” ಎಂದರು. ನಮ್ಮ ಜೊತೆಗೇ ಇದ್ದ ಅತ್ತೆ ಊಟದ ಗಂಗಾಳದ ಅಂಚಿಗೆ ಒಂದು ಚಮಚ ಪುಡಿ ಹಾಕಿ ಎಣ್ಣೆ ಬಿಟ್ಟರು.

“ಇದೇನಜ್ಜಿ?”

“ಶೇಂಗಾ ಹಿಂಡಿರಿ.”

“ಕಡಲೆಕಾಯಿ ಚಟ್ನಿಪುಡಿನಾ? ದಿನಾ ತಿಂತೀರಾ?”

“ಅದಿಲ್ದ ತುತ್ತ ಇಳೀತದೇನ್ರಿ?”

“ಮತ್ತೆ ಆಸ್ಪತ್ರೆಲಿ ಯಾಕೆ ಹೇಳ್ಲಿಲ್ಲ?”

“ನೀವು ಊಟದಾಗ ಏನೇನ ತಿಂದಾನ ಅಂತ ಕೇಳಿದ್ರಿ. ಹಿಂಡಿ ಏನ್ ಊಟೇನ್ರಿ? ಅದು ಗಂಗಾಳದಾಗ ಇದ್ದ ಇರ್ತದ.”

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಮಗನಿಗೆ ಹೆಚ್ಚಾಗಿ ಹಾಲು ಅನ್ನವನ್ನೇ ಕಲಸಿ ತಿನ್ನಿಸುತ್ತಿದ್ದೆ. ಅಪ್ಪನ ಗಂಗಾಳದಿಂದ ತುತ್ತು ತಿಂದಾಗಲೇ ಉಸಿರು ಸಿಕ್ಕಿಕೊಳ್ಳುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು. ಮರುದಿನ ಶೇಂಗಾದ ಹನಿ ಇಟ್ಟು ಚುಚ್ಚಿದರೆ ಅವನ ಕೈ ಮೇಲೆ ನಾಣ್ಯದಷ್ಟು ಅಗಲದ ಗಂಧೆ ಎದ್ದಿತು. “ನನ್ನ ಪ್ರಶ್ನೆನೇ ಸರಿ ಇರ್ಲಿಲ್ಲ” ಎಂದು ತಮ್ಮನ್ನೇ ಬೈದುಕೊಂಡರು. ಆಮೇಲೆ ಒಂದು ಸ್ಟೀಲ್ ಗಂಗಾಳ ತಂದಿಟ್ಟುಕೊಂಡು, “ಮನೇಲಿ ಬಡಿಸೋ ಹಾಗೆ ಬಡಿಸಿ ತೋರ್ಸು, ಉಪ್ಪಿಂದ ಶುರು ಮಾಡು” ಎಂದು ಪ್ರತಿ ತಾಯಿಗೂ ಹೇಳತೊಡಗಿದರು. ಸುಮ್ಮನೆ ಬಡಿಸಿದಂತೆ ತೋರಿಸುವಾಗಲೂ ತಾಯಂದಿರ ಬರಿಗೈ ಅಭ್ಯಾಸಬಲದಿಂದ ಹಿಂಡಿಯ ಜಾಗಕ್ಕೆ ಹೋಗುತ್ತಿತ್ತು.

ಅವರ ಕೆಲಸ ಹಾದಿಗೆ ಬಿದ್ದ ಹೊತ್ತಿಗೇ ಮೇಲಿನವರು ಅದಕ್ಕೆ ಕಲ್ಲು ಹಾಕಿದರು. ವಿಭಾಗದ ಮುಖ್ಯಸ್ಥರು ಹೇಳಿದ್ದನ್ನು ನಾನು ಮಗನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಕಿವಿಯಾರೆ ಕೇಳಿದೆ.

“ಇದೆಲ್ಲ ಅಮೆರಿಕದ ಮಕ್ಕಳ ಕಾಯಿಲೆ ಕಣ್ರೀ. ನಮ್ಮೋರು ಹುಟ್ಟಿದಾಗಿಂದ ಕಡಲೆಕಾಯಿ ತಿಂತಾರೆ.”

“ಕಾಯಿಲೆಗೂ ಪಾಸ್‌ಪೋರ್ಟ್ ಬೇಕಾ ಸಾರ್? ಹೊರಗೆ ನಿಂತಿರೋ ಮಗು ಯಾವ ದೇಶದ್ದು?”

ಮುಖ್ಯಸ್ಥರು ಕತ್ತೆತ್ತಿ ನನ್ನ ಮಗನ ಕಡೆ ನೋಡಲೂ ಇಲ್ಲ. ಸಂಶೋಧನೆ ನಿಂತಿತು. ಆ ಕೋಣೆಯಲ್ಲಿ ಕಂಪನಿ ಆಫೀಸರುಗಳ ಆರೋಗ್ಯ ತಪಾಸಣೆ ಶುರುವಾಯಿತು. ಈಗಲೂ ನೆನೆದರೆ ಮೈ ಉರಿಯುತ್ತದೆ.

ನಮ್ಮ ಪಕ್ಕದ ಕೋಣೆಯ ಹುಡುಗಿಗೂ ಮಗನ ಹಾಗೆಯೇ ಆಗುತ್ತಿತ್ತು. ಅವಳ ಪರೀಕ್ಷೆಯ ಸರದಿ ಮುಂದಿನ ವಾರವಿತ್ತು, ಕೋಣೆಯೇ ಹೋದ ಮೇಲೆ ಸರದಿ ಎಲ್ಲಿಂದ ಬರಬೇಕು? ಅವಳಿಗೆ ಆಗದ್ದು ಯಾವುದೆಂದು ಯಾರಿಗೂ ತಿಳಿಯಲೇ ಇಲ್ಲ. ಆಯುಧಪೂಜೆಯ ದಿನ ಅವಳಪ್ಪ ಕಾರ್ಖಾನೆಯಲ್ಲಿ ಕೊಟ್ಟ ಕಡ್ಲೆಪುರಿ ಪೊಟ್ಟಣ ತಂದರು. ಅದರಲ್ಲಿ ಹುರಿದ ಶೇಂಗಾ ಬೆರೆಸಿದ್ದರು. ಆಟೊ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹುಡುಗಿಯ ಉಸಿರು ನಿಂತಿತ್ತು. ದೇವರ ಮುಂದಿಟ್ಟ ಪುರಿಯನ್ನು ಯಾವ ತಾಯಿ ಬೇಡವೆನ್ನುತ್ತಾಳೆ?

ಹಬ್ಬಕ್ಕೆ ಊರಿಗೆ ಹೋಗಿದ್ದ ನಾವು ವಾಪಸ್ ಬಂದ ದಿನವೇ ಡಾಕ್ಟರಮ್ಮ ಬಂದರು. ಆ ತಾಯಿಗೆ ಸಮಾಧಾನದ ಮಾತು ಹೇಳಲಿಲ್ಲ. “ತಪ್ಪು ನಿಂದಲ್ಲ, ನಮ್ದು. ಯಾರು ಕೇಳಿದ್ರೂ ಹಾಗೇ ಹೇಳು” ಎಂದರು.

ಆಮೇಲೆ ಭಾನುವಾರಗಳಂದು ನಮ್ಮ ಕೋಣೆಯಲ್ಲೇ ತಾಯಂದಿರನ್ನು ಕೂರಿಸಿಕೊಂಡು, ಉಸಿರು ಕಟ್ಟಿದಾಗ ತೊಡೆಗೆ ಚುಚ್ಚುವ ಇಂಜೆಕ್ಷನ್ ಕಲಿಸಿದರು. ಬದನೆಕಾಯಿಗೆ ಚುಚ್ಚಿ ಕಲಿತೆವು. ಹಿಂಜರಿದರೆ ಬೈಯುತ್ತಿದ್ದರು: “ಮಗು ನೀಲಿಯಾದಾಗ ನಾನಿರಲ್ಲ, ನೀನೇ ಡಾಕ್ಟ್ರು. ಚುಚ್ಚು!” ಹೆಂಗಸರ ಕೈಗೆ ಸೂಜಿ ಕೊಟ್ಟರೆಂದು ಆಸ್ಪತ್ರೆ ಅವರ ಮೇಲೆ ವಿಚಾರಣೆ ಹೂಡಿತು. ಅವರು ಕೆಲಸಕ್ಕೆ ರಾಜೀನಾಮೆ ಬಿಸಾಕಿ, ಭಾನುವಾರ ಮತ್ತೆ ಬದನೆಕಾಯಿ ಹಿಡಿದು ಬಂದರು.

ಎರಡು ವರ್ಷದ ನಂತರ ಒಂದು ಮದುವೆ ಊಟದಲ್ಲಿ ಮಗನ ತುಟಿ ಊದಿತು. ಪಲ್ಯಕ್ಕೆ ಶೇಂಗಾ ಪುಡಿ ಉದುರಿಸಿದ್ದರು. ಎಲೆ ಬಿಟ್ಟೆದ್ದು, ಚೀಲದಲ್ಲಿದ್ದ ಇಂಜೆಕ್ಷನ್ ತೆಗೆದು ತೊಡೆಗೆ ಚುಚ್ಚಿದೆ. ಆಸ್ಪತ್ರೆ ಮುಟ್ಟುವಾಗ ಅವನು ಅಳುತ್ತಿದ್ದ. ಅಳುವಷ್ಟು ಉಸಿರು ಅವನಲ್ಲಿತ್ತು.

ಡಾಕ್ಟರಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ಆಗ ಅದೇ ಆಸ್ಪತ್ರೆಯಲ್ಲಿ ಶ್ರದ್ಧಾಂಜಲಿ ಸಭೆ ಎಂದರು, ಮಗನನ್ನು ಕರೆದುಕೊಂಡು ಹೋದೆ. ವೇದಿಕೆಯ ಮೇಲೆ ಅದೇ ಮುಖ್ಯಸ್ಥರು, ತಲೆ ಬೆಳ್ಳಗಾಗಿತ್ತು. “ಬಹಳ ಮೃದು ಸ್ವಭಾವದವರು, ಎಲ್ಲರೊಂದಿಗೂ ಹೊಂದಿಕೊಂಡು ಹೋಗುತ್ತಿದ್ದರು” ಎಂದರು.

ನಾನು ಎದ್ದು ನಿಂತೆ. “ಸುಳ್ಳ ಹೇಳಬ್ಯಾಡ್ರಿ ಸಾರ್. ಅವರು ಸಿಟ್ಟಿನವರು. ನಿಮ್ಮ ಮ್ಯಾಲಿನ ಸಿಟ್ಟ ಇಟ್ಕೊಂಡ ಹೋಗ್ಯಾರ. ನೀವು ಬಾಗಿಲ ಹಾಕಿದ್ರಿ, ನಮ್ಮ ಬಾಜೂ ಮನಿ ಹುಡುಗಿ ಸತ್ಲು. ಅದನ್ನ ಹೇಳ್ರಿ ಮದ್ಲ.”

“ಕುಂದ್ರ ಅವ್ವಾ” ಎಂದು ಮಗ ಸೆರಗು ಜಗ್ಗಿದ. ನನಗಿಂತ ಎತ್ತರ ಬೆಳೆದ ಮಗ.

ನಾನು ಕೂರಲಿಲ್ಲ.